ಅಂಬಿಗನ ಮೇಲೊಂದು ಚರಣ

ಡೆಲ್ಫಾ ರ‍್ಯಾಟ್ಲಿಫ್ ಆ ಹಾಡು ಕಟ್ಟಿದ್ದು ಸತ್ತ ತಂಗಿಗಾಗಿ. ಅದು ಬೆಟ್ಟ ಇಳಿದು ಊರೂರು ಸುತ್ತುತ್ತದೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ.

ಆ ವಸಂತದಲ್ಲಿ ಹೊಳೆ ಕೆಂಪಗೆ ಉಕ್ಕಿ ಹರಿಯುತ್ತಿತ್ತು. ಆಚೆ ದಡದ ಚರ್ಚಿನಲ್ಲಿ ದೊಡ್ಡ ಪ್ರಾರ್ಥನೆ. ಅಂಬಿಗ ಇನಾಕ್ ಸೈಜ್‌ಮೋರನ ಚಪ್ಪಟೆ ದೋಣಿ ಹತ್ತಿದವರಲ್ಲಿ ತಂಗಿ ವರ್ಡಿಯೂ ಇದ್ದಳು. ನಡುಹೊಳೆಗೆ ಬಂದಾಗ ಮೇಲಿಂದ ಬುಡಸಮೇತ ತೇಲಿಬಂದ ಮರವೊಂದು ಹಿಡಿದೆಳೆದು ದೋಣಿ ದಾಟಿಸಲು ದಡದಿಂದ ದಡಕ್ಕೆ ಬಿಗಿದಿದ್ದ ಹಗ್ಗಕ್ಕೆ ಬಡಿಯಿತು. ಹಗ್ಗ ಕಿತ್ತುಹೋಯಿತು, ದೋಣಿ ಮಗುಚಿತು. ಇನಾಕ್ ಕೈಗೆ ಸಿಕ್ಕವರನ್ನು ಕೂದಲು ಹಿಡಿದು ಎಳೆದು ದಡಕ್ಕೆ ಹಾಕಿದ. ವರ್ಡಿ ಜೀವಂತ ಸಿಗಲಿಲ್ಲ, ಅವಳ ಜೊತೆ ಹೋದ ಇನ್ನು ಕೆಲವರೂ ಸಿಗಲಿಲ್ಲ.

ಬೇಸಿಗೆಯಲ್ಲಿ ಸಮಾಧಿಗಳಿಗೆ ಹೂವಿಡುವ ಭಾನುವಾರ ಡೆಲ್ಫಾ ಗಿಟಾರು ಹಿಡಿದು ಆ ಹಾಡನ್ನು ಮೊದಲ ಸಲ ಹಾಡಿದಳು. ಅದರಲ್ಲಿ ಹೊಳೆಯಿತ್ತು, ಮರವಿತ್ತು, ವರ್ಡಿ ತೊಟ್ಟಿದ್ದ ನೀಲಿ ಅಂಗಿಯಿತ್ತು. ತಪ್ಪು ಯಾರದೂ ಇರಲಿಲ್ಲ. ಇನಾಕ್ ಟೋಪಿ ಕೈಯಲ್ಲಿ ಹಿಡಿದು ಹಿಂದೆ ನಿಂತು ಕೇಳಿ, ಹೋಗುವಾಗ ಅವಳ ಹೆಗಲು ಮುಟ್ಟಿ, "ಚೆನ್ನಾಗಿ ಹಾಡಿದೆ ಮಗಳೇ. ಇದ್ದದ್ದು ಇದ್ದ ಹಾಗೆ ಹೇಳಿದೆ," ಎಂದ.

ಮಾತಾಡುವ ಪೆಟ್ಟಿಗೆಯ, ಅಂದರೆ ಗ್ರಾಮಫೋನಿನ, ಪ್ಲೇಟು ಮಾಡುವ ಕಂಪನಿಯವರು ಜಿಲ್ಲಾ ಪೇಟೆಗೆ ಬಂದಿದ್ದಾರೆ, ಬೆಟ್ಟದವರ ಹಾಡು ಹಿಡಿಯುತ್ತಾರಂತೆ ಎಂಬ ಸುದ್ದಿ ತಂದವನು ಗಂಡ ಕ್ಲೀಟಸ್. ಅವನು ಪಿಟೀಲು ಬಾರಿಸುತ್ತಿದ್ದ. ಇಬ್ಬರೂ ಹೇಸರಗತ್ತೆ ಗಾಡಿಯಲ್ಲಿ ಹೋದರು.

ಮರದ ಸಾಮಾನಿನ ಅಂಗಡಿಯ ಮಹಡಿಯ ಮೇಲೆ, ಹೊರಗಿನ ಸದ್ದು ತಡೆಯಲು ಗೋಡೆಗೆಲ್ಲ ಕಂಬಳಿ ಜೋತುಬಿಟ್ಟ ಕೋಣೆ. ಕಿಟಕಿ ಮುಚ್ಚಿ ಉಸಿರು ಕಟ್ಟುತ್ತಿತ್ತು. ಪ್ಲೇಟಿನವನ ಹೆಸರು ಹಾಲ್‌ಸ್ಟೆಡ್. ಉತ್ತರದ ಪಟ್ಟಣದವನು, ಒಳ್ಳೆಯ ಮಾತಿನವನು. ಹಾಡು ಪೂರ್ತಿ ಕೇಳಿ ಗದ್ದ ಕೆರೆದುಕೊಂಡ.

"ದನಿ ಬಂಗಾರ ತಾಯಿ. ಆದ್ರೆ ಹಾಡು ಎಲ್ಲೂ ಹೋಗಿ ನಿಲ್ಲಲ್ಲ. ದೋಣಿ ಯಾಕೆ ಮುಳುಗ್ತು?"

"ಮರ ಬಂದು ಬಡೀತು ಸ್ವಾಮಿ. ಹಗ್ಗ ಕಿತ್ತೋಯ್ತು."

"ಮರದ ಮೇಲೆ ಯಾರು ಸಿಟ್ಟು ಮಾಡ್ಕೋತಾರೆ? ಯಾರೋ ಒಬ್ಬರು ತಪ್ಪು ಮಾಡಿರಬೇಕು, ಕೊನೇಲಿ ಒಂದು ಬುದ್ಧಿಮಾತಿರಬೇಕು. ಜನ ಕೊಳ್ಳೋದು ಅಂಥದ್ದನ್ನ. ಇನ್ನೊಂದು ಚರಣಕ್ಕೆ ಜಾಗ ಇದೆ. ಊಟ ಮಾಡಿ ಬನ್ನಿ, ಯೋಚನೆ ಮಾಡಿ."

ಮೆಟ್ಟಿಲ ಮೇಲೆ ಕೂತು ಅವರು ತಂದಿದ್ದ ಜೋಳದ ರೊಟ್ಟಿ, ಬೆಂದ ಅವರೆ ತಿಂದರು. ಡೆಲ್ಫಾಳಿಗೆ ತಂಗಿಯ ಮುಖ ಕಣ್ಣೆದುರು ಬಂತು. ಉಳಿದವರನ್ನು ಎಳೆದ ಆ ಕೈ ವರ್ಡಿಯನ್ನು ಏಕೆ ಎಳೆಯಲಿಲ್ಲ? ಹೊರಗೆ ಆಡದ ಆ ಪ್ರಶ್ನೆ ಅವಳೊಳಗೆ ಹುಳದ ಹಾಗೆ ಕೊರೆಯುತ್ತಲೇ ಇತ್ತು. ರೊಟ್ಟಿ ಮುಗಿಯುವಷ್ಟರಲ್ಲಿ ಸಾಲುಗಳು ತಾವಾಗಿಯೇ ಬಂದು ನಿಂತವು:

ಕುಡಿದ ಅಂಬಿಗ ಹೊಳೆಯ ನೋಡದೆ ಹಗ್ಗವ ಬಿಟ್ಟನು ಕೈಯಿಂದ,
ಕುಡಿಯದಿರಿ ಅಣ್ಣಂದಿರೇ ನೀವು, ಕೇಳಿರಿ ಮುಳುಗಿದ ಬಾಯಿಂದ.

ಕ್ಲೀಟಸ್ ಅಗಿಯುವುದನ್ನು ನಿಲ್ಲಿಸಿದ. "ಇನಾಕ್ ಮಾಮ ಕುಡಿಯೋದು ಬಿಟ್ಟು ಯಾವ ಕಾಲ ಆಯ್ತು ಮಾರಾಯ್ತಿ! ನಾವಿನ್ನೂ ಹುಟ್ಟಿರಲಿಲ್ಲ."

"ನಾನು ಇನಾಕ್ ಅಂದ್ನಾ? ಅಂಬಿಗ ಅಂದೆ. ಲೋಕದಲ್ಲಿ ಎಷ್ಟು ಜನ ಅಂಬಿಗರಿಲ್ಲ?"

"ನಮ್ಮ ಹೊಳೇಲಿ ಒಬ್ನೇ ಇರೋದು."

"ಪ್ಲೇಟು ಹೋಗೋದು ದೂರದೂರಿಗೆ ಕಣೋ. ನಮ್ಮ ಕಣಿವೇಲಿ ಪೆಟ್ಟಿಗೆ ಯಾರ ಹತ್ರ ಇದೆ?"

ಅವನು ರೊಟ್ಟಿ ಕಟ್ಟಿದ್ದ ಬಟ್ಟೆ ಮಡಚಿ ಎದ್ದ. ಮಧ್ಯಾಹ್ನ ಕೆಂಪು ದೀಪ ಹತ್ತಿತು, ಹಾಡು ಕೆತ್ತಿಕೊಳ್ಳುವ ಮೇಣದ ತಟ್ಟೆ ತಿರುಗಿತು, ಡೆಲ್ಫಾ ಒಂದು ಅಕ್ಷರವೂ ತಪ್ಪದೆ ಹಾಡಿದಳು. ಹಾಲ್‌ಸ್ಟೆಡ್ ಎರಡು ಕೈಯಲ್ಲೂ ಅವಳ ಕೈ ಕುಲುಕಿದ. ಬಂದ ದುಡ್ಡಿನಲ್ಲಿ ಅವಳು ವರ್ಡಿಯ ಸಮಾಧಿಗೆ ಕಲ್ಲು ಹಾಕಿಸಿದಳು.

ಪ್ಲೇಟು ಚಳಿಗಾಲದಲ್ಲಿ ಹೊರಬಂತು. ಬರುವ ವಸಂತಕ್ಕೆ ಕಲ್ಲಿದ್ದಲ ಗಣಿಯ ಊರುಗಳಲ್ಲಿ, ಹತ್ತಿಗಿರಣಿಯ ಕೇರಿಗಳಲ್ಲಿ, ರೈಲು ನಿಲ್ಲುವ ಕಡೆಯಲ್ಲೆಲ್ಲ ಅದೇ ಹಾಡು. ಅವರ ಊರಿನ ಹೋಬಾರ್ಟನ ದಿನಸಿ ಅಂಗಡಿಗೂ ಪೆಟ್ಟಿಗೆ ಬಂತು. ಅವನು ಅದನ್ನು ಜಗಲಿಗೆ ತಂದಿಟ್ಟು ಬಂದವರಿಗೆಲ್ಲ ಕೇಳಿಸುತ್ತಿದ್ದ: "ನಮ್ಮ ಡೆಲ್ಫಾ ಕಣ್ರೀ! ಪೆಟ್ಟಿಗೆ ಒಳಗೆ ಕೂತಿದ್ದಾಳೆ!" ಒಂದು ಶನಿವಾರ ಇನಾಕ್ ಉಪ್ಪಿಗೆಂದು ಬಂದ. ಜಗಲಿಯಲ್ಲಿದ್ದವರು ಗಡಿಬಿಡಿಯಿಂದ ಎದ್ದು ಪೆಟ್ಟಿಗೆ ನಿಲ್ಲಿಸುವಷ್ಟರಲ್ಲಿ ಆ ಚರಣ ಮುಗಿದಿತ್ತು. ಅವನು ಉಪ್ಪು ಕೊಳ್ಳದೆ ಹಿಂದಿರುಗಿದ.

ಊರವರು ಅವನ ದೋಣಿ ಹತ್ತುವುದನ್ನು ಬಿಡಲಿಲ್ಲ. ಬಿಟ್ಟವರು ಹೊರಗಿನವರು. ದನದ ವ್ಯಾಪಾರಿಗಳು ಕಡವಿಗೆ ಬಂದು, "ಆ ಹಾಡಿನ ದೋಣಿ ಇದೇನಾ? ನಿನ್ನ ಬಾಯಿ ಮೂಸಿ ನೋಡ್ಲಾ ಮುದುಕಾ?" ಎಂದು ನಗುತ್ತಿದ್ದರು. ಕೆಲವರು ನಗದೆ, ಕೆಳಗಿನ ಸೇತುವೆಗೆ ಸುತ್ತುಹಾಕಿ ಹೋಗುತ್ತಿದ್ದರು. ಕೊನೆಗೆ ಅಂಚೆಯ ಚೀಲವೂ ಆ ದಾರಿಯಲ್ಲೇ ಹೋಗತೊಡಗಿತು.

ಇನಾಕನ ಮಗಳು ಓಮಾ, ಡೆಲ್ಫಾಳ ಜೊತೆ ಒಂದೇ ಬೆಂಚಿನಲ್ಲಿ ಓದಿದವಳು, ಒಂದು ಬೆಳಿಗ್ಗೆ ಅಂಗಳಕ್ಕೆ ಬಂದು ನಿಂತಳು. ಡೆಲ್ಫಾ ಬಟ್ಟೆ ಕುದಿಸುತ್ತಿದ್ದಳು.

"ಬಾರೇ, ಕೂತ್ಕೋ. ಕಾಫಿ ಇಡ್ತೀನಿ."

"ಕೂರೋಕೆ ಬಂದಿಲ್ಲ. ಒಂದೇ ಮಾತು ಕೇಳ್ತೀನಿ. ನಮ್ಮಪ್ಪ ಅವತ್ತು ಕುಡಿದಿದ್ನಾ?"

ಡೆಲ್ಫಾ ಕೋಲಿನಿಂದ ಬಟ್ಟೆ ತಿರುವಿದಳು. "ಇಲ್ಲ ಕಣೇ."

"ಮತ್ತೆ?"

"ಅವರು ಏನಾದ್ರೂ ಸೇರಿಸು ಅಂದ್ರು, ಓಮಾ. ಪ್ರಾಸ ಕೂತ್ಕೊಳ್ತು."

"ಪ್ರಾಸ!" ಓಮಾ ಮಸಿಯಾದ ಹಂಡೆಯನ್ನೇ ನೋಡುತ್ತ ನಿಂತಳು. "ನಿನ್ನ ತಂಗಿಗೋಸ್ಕರ ಕತ್ತಲಾಗೋವರೆಗೂ ನೀರಲ್ಲಿ ಮುಳುಗಿ ಹುಡುಕಿದ್ದ ಅವನು. ಅದಕ್ಕೆ ಪ್ರಾಸ ಸಿಗಲಿಲ್ವೇನೇ ನಿಂಗೆ?"

ಅವಳು ಹೋದ ಮೇಲೆ ಡೆಲ್ಫಾ ಸೊಂಟಕ್ಕೆ ಕಟ್ಟಿದ್ದ ಏಪ್ರನ್ ಬಿಚ್ಚೆಸೆದು ಕಡವಿಗೆ ಓಡಿದಳು. ಇನಾಕ್ ಮಗುಚಿದ ಬಕೆಟ್ಟಿನ ಮೇಲೆ ಕೂತು ದೋಣಿಯ ಸಂದಿಗೆ ಡಾಂಬರು ಮೆತ್ತುತ್ತಿದ್ದ. ಅವಳು ಅಳುತ್ತ ಎಲ್ಲ ಹೇಳಿದಳು. ಅವನು ಕೇಳುತ್ತಲೇ ಡಾಂಬರು ಮೆತ್ತಿದ.

"ಸಿಟ್ಟಿಲ್ಲ ಮಗಳೇ," ಅಂದ ಕೊನೆಗೆ. "ಅದಕ್ಕಿಂತ ಕೆಟ್ಟದ್ದೊಂದು ಆಗಿದೆ. ಅವತ್ತು ಬೆಳಿಗ್ಗೆ ನಾನು ಕುಡಿದದ್ದು ಬರೀ ಕಾಫಿ, ಅದೂ ಓಮಾ ಕೊಟ್ಟದ್ದು. ಗೊತ್ತು ನಂಗೆ. ಆದ್ರೆ ಆ ಹಾಡು ಎಷ್ಟು ಸಲ ಕಿವಿಗೆ ಬಿದ್ದಿದೆ ಅಂದ್ರೆ, ಈಗೀಗ ನೆನಪು ಮಾಡ್ಕೊಂಡ್ರೆ ಬಾಯಲ್ಲಿ ವಿಸ್ಕಿ ರುಚಿ ಬರುತ್ತೆ. ಕೈಲಿದ್ದ ಹಗ್ಗ ನಾನೇ ಬಿಟ್ನೇನೋ ಅನ್ಸುತ್ತೆ."

"ಇಲ್ಲ ಮಾಮ! ಮರ ಬಡೀತು. ದಡದಲ್ಲಿದ್ದವರೆಲ್ಲ ನೋಡಿದ್ದಾರೆ."

"ಹೌದು, ಮರ," ಎಂದ ಇನಾಕ್, ಯಾರೋ ಹೇಳಿಕೊಟ್ಟ ಪಾಠ ಒಪ್ಪಿಸುವವನ ಹಾಗೆ.

ಆ ಶರತ್ಕಾಲದಲ್ಲಿ ಕಂಪನಿಯವರು ಮತ್ತೆ ಪೇಟೆಗೆ ಬಂದರು. ಡೆಲ್ಫಾ ಬೇರೆ ಚರಣ ಕಟ್ಟಿಕೊಂಡು ಹೋದಳು. ಅದರಲ್ಲಿ ಕತ್ತಲಾಗುವವರೆಗೂ ನೀರಲ್ಲಿ ಹುಡುಕಿದ ಅಂಬಿಗನಿದ್ದ. ಹಾಲ್‌ಸ್ಟೆಡ್ ಬೇಸರಿಸಲಿಲ್ಲ, ಗೇಲಿ ಮಾಡಲಿಲ್ಲ.

"ನಿಮ್ಮ ಮನಸ್ಸು ನಂಗೆ ಅರ್ಥ ಆಗುತ್ತೆ ತಾಯಿ. ಆದ್ರೆ ಅದೇ ಹಾಡನ್ನ ಜನ ಎರಡನೇ ಸಲ ಕೊಳ್ತಾರಾ? ಆಯ್ತು, ಹಾಡಿ, ಹಿಡ್ಕೋತೀನಿ. ಮೇಲಿನವರು ಏನಂತಾರೋ ನೋಡೋಣ."

ಅವಳು ಹಾಡಿದಳು. ಹಿಂದೆಂದಿಗಿಂತ ಚೆನ್ನಾಗಿ ಹಾಡಿದಳೆಂದು ಕ್ಲೀಟಸ್ ಸಾಯುವವರೆಗೂ ಹೇಳುತ್ತಿದ್ದ. ಆ ಪ್ಲೇಟು ಹೊರಬರಲೇ ಇಲ್ಲ. ಮುಂದೆ ಕಷ್ಟದ ವರ್ಷಗಳು ಬಂದವು, ಗಿರಣಿಗಳು ಮುಚ್ಚಿದವು, ಕಂಪನಿಯವರು ಬೆಟ್ಟದ ಕಡೆ ಬರುವುದನ್ನೇ ನಿಲ್ಲಿಸಿದರು. ಶಾಲೆಯ ಕಾರ್ಯಕ್ರಮಗಳಲ್ಲಿ ಅವಳು ಹೊಸ ಚರಣ ಹಾಡಲು ನೋಡಿದಳು. ಕೇಳುವವರು ಅವಳು ಮರೆತಳೆಂದುಕೊಂಡು ಹಳೆಯದನ್ನೇ ಒಟ್ಟಾಗಿ ಎತ್ತಿಕೊಟ್ಟು, ಚಪ್ಪಾಳೆ ತಟ್ಟಿದರು. ಆಮೇಲೆ ಅವಳು ಆ ಹಾಡನ್ನೇ ಬಿಟ್ಟಳು.

"ಇಲ್ಲಿನವರಿಗೆಲ್ಲ ನಿಜ ಗೊತ್ತು, ಸುಮ್ಮನೆ ಯಾಕೆ ಕೊರಗ್ತೀಯ?" ಎಂದು ಕ್ಲೀಟಸ್ ಸಮಾಧಾನ ಹೇಳಿದ.

"ಗೊತ್ತಿರೋರಿಗೆ ಹೇಳಿ ಏನು ಬಂತು? ಗೊತ್ತಿಲ್ಲದೋರ ಮನೆಬಾಗಿಲು ನಂಗೆಲ್ಲಿ ಗೊತ್ತು?"

ಕಡವಿನಲ್ಲೇ ಸರ್ಕಾರ ಸೇತುವೆ ಕಟ್ಟಿದ ಮೇಲೆ ಇನಾಕ್ ದೋಣಿಯನ್ನು ಹಿತ್ತಲಿಗೆ ಎಳೆದುಹಾಕಿದ. ಒಂದು ಫೆಬ್ರವರಿಯಲ್ಲಿ ಎದೆಗೆ ಶೀತ ಹತ್ತಿ ತೀರಿಕೊಂಡ. ಊರಿನ ಪಾದ್ರಿ ಕಾಯಿಲೆ ಬಿದ್ದಿದ್ದರಿಂದ ಗಣಿಯೂರಿನ ಕಿರಿಯ ಪಾದ್ರಿಯೊಬ್ಬರು ಬಂದರು. ಒಳ್ಳೆಯ ಮನುಷ್ಯ, ಹಿಮದಲ್ಲಿ ನಡೆದುಬಂದವರು. ಸತ್ತವನ ಬಗ್ಗೆ ಒಂದೆರಡು ಮಾತು ಸ್ವಂತವಾಗಿ ಹೇಳಬೇಕೆಂದು ಅವರಿಗೆ ಆಸೆ.

"ಈ ಸೋದರನ ಕತೆ ನಾನು ಚಿಕ್ಕಂದಿನಿಂದ ಬಲ್ಲೆ," ಎಂದು ಅವರು ಶುರುಮಾಡಿದರು. "ಹಾಡಿನಲ್ಲಿ ಕೇಳಿದ್ದೆ. ಕುಡಿತ ಅವನಿಂದ ಎಂಥ ಪಾಪ ಮಾಡಿಸಿತು! ಆದರೂ ದೇವರು ಅವನ ಕೈ ಬಿಡಲಿಲ್ಲ. ಪಶ್ಚಾತ್ತಾಪ ಪಟ್ಟವನಿಗೆ ಅಲ್ಲಿ ಜಾಗವಿದೆ..."

ಮುಂದಿನ ಸಾಲಿನಲ್ಲಿದ್ದ ಓಮಾ ತಿರುಗಿ ಡೆಲ್ಫಾಳನ್ನು ನೋಡಿದಳು. ಡೆಲ್ಫಾ ಎದ್ದುನಿಂತಳು.

"ಅದು ಸುಳ್ಳು, ಸ್ವಾಮಿ. ಅವನು ಅವತ್ತು ಕುಡಿದಿರಲಿಲ್ಲ. ಆ ಮಾತನ್ನ ಸೇರಿಸಿದ್ದು ನಾನು."

ಪಾದ್ರಿ ಕೆಳಗಿಳಿದು ಬಂದು ಅವಳ ಕೈ ಹಿಡಿದರು. ಅವರ ಕಣ್ಣು ತುಂಬಿತ್ತು. "ಸತ್ತವರ ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಳ್ತಿದ್ದೀರಿ ತಾಯಿ. ದೊಡ್ಡ ಮನಸ್ಸು ನಿಮ್ಮದು. ಕೂತ್ಕೊಳ್ಳಿ."

"ಇಲ್ಲ, ನಾನು ನಿಜವಾಗ್ಲೂ..."

"ಕೂತ್ಕೊಳ್ಳಿ," ಎಂದರು ಅವರು, ಇನ್ನಷ್ಟು ಮೆತ್ತಗೆ.

ಗುಂಡಿಯ ಬಳಿ ಜನ ರೂಢಿಯಂತೆ ಡೆಲ್ಫಾಳ ಕಡೆ ನೋಡಿದರು. ಆ ಕಣಿವೆಯಲ್ಲಿ ಯಾರನ್ನು ಮಣ್ಣು ಮಾಡಿದರೂ ಹಾಡು ಎತ್ತುತ್ತಿದ್ದವಳು ಅವಳೇ. ಅವಳು ಬಾಯಿ ತೆರೆಯುವ ಮೊದಲೇ ಓಮಾ ಕೈ ಅಡ್ಡ ಹಿಡಿದಳು.

"ನೀನು ಬೇಡ," ಅಂದಳು, ಅಷ್ಟೇ.

ಓಮಾಳಿಗೆ ಶ್ರುತಿ ಗೊತ್ತಿರಲಿಲ್ಲ. ಒಡಕು ದನಿಯಲ್ಲಿ ಅವಳೇ ಒಂದು ಭಜನೆ ಎತ್ತಿದಳು, ಉಳಿದವರು ತಡವರಿಸುತ್ತ ಜೊತೆಗೂಡಿದರು. ಡೆಲ್ಫಾ ಎಲ್ಲರ ಹಿಂದೆ ಹಿಮದಲ್ಲಿ, ತುಟಿ ಬಿಗಿಹಿಡಿದು, ಕೊನೆಯವರೆಗೂ ನಿಂತು ಕೇಳಿದಳು.