ನನ್ನನ್ನು ಕೇಳದೆ

ಆಸ್ಪತ್ರೆಯಿಂದ ಐದನೆಯ ದಿನ ಮನೆಗೆ ಬಂದಾಗ ಒಳಕೋಣೆ ಕನ್ನಡಿಯಂತೆ ಹೊಳೆಯುತ್ತಿತ್ತು. ಮದುವೆಯಾಗಿ ಆರು ವರ್ಷಗಳಲ್ಲಿ ಆ ಕೋಣೆಯನ್ನು ಅಷ್ಟು ಚೊಕ್ಕಟವಾಗಿ ನಾನು ಕಂಡಿದ್ದೇ ಇಲ್ಲ. ಕಪಾಟಿನ ಕೆಳಗಿನ ಖಾನೆ ತೆರೆದು ನೋಡಿದೆ. ಖಾಲಿ. ನಾಲ್ಕು ತಿಂಗಳಿಂದ ಕೆಲಸ ಮುಗಿಸಿ ಬಂದು ನಾನು ಕೂತು ಹೊಲಿದಿದ್ದ ಪುಟ್ಟ ಅಂಗಿಗಳು, ಟೋಪಿಗಳು, ಅಂಚಿಗೆ ಕೈಹೊಲಿಗೆ ಹಾಕಿದ್ದ ಹೊದಿಕೆ, ಒಂದೂ ಇರಲಿಲ್ಲ. ಖಾನೆಗೆ ಹೊಸ ಕಾಗದ ಹಾಸಿ ನನ್ನ ಗಂಡನ ಪ್ಯಾಂಟುಗಳನ್ನು ಜೋಡಿಸಿಟ್ಟಿದ್ದರು.

“ಕಣ್ಣಿಗೆ ಬಿದ್ರೆ ತಾನೇ ಸಂಕಟ? ಅದಕ್ಕೇ ತೆಗ್ಸಿಬಿಟ್ಟೆ,” ಅಂದರು ಅತ್ತೆ. ನಾನು ಕೃತಜ್ಞತೆ ಹೇಳಲಿ ಎಂದು ಕಾಯುವ ಹಾಗೆ ಬಾಗಿಲಲ್ಲೇ ನಿಂತಿದ್ದರು.

ಎಂಟು ತಿಂಗಳು ತುಂಬಿದ ಮೇಲೆ ನನ್ನ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಅರಿವಳಿಕೆ ಕೊಟ್ಟು ಕೊಯ್ದು ತೆಗೆದರು. ನನಗೆ ಪ್ರಜ್ಞೆ ಬಂದು, ನಾಲಿಗೆ ಹೊರಳಿ, “ಎಲ್ಲಿ?” ಎಂದು ಕೇಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣು ಮಾಡಿ, ಕೈಕಾಲು ತೊಳೆದುಕೊಂಡು ಬಂದು ನನ್ನ ಗಂಡ ಮಂಚದ ಪಕ್ಕ ಕುಳಿತಿದ್ದರು. ಹೆಣ್ಣು ಎಂದು ನನಗೆ ಗೊತ್ತಾದದ್ದು ಡಿಸ್ಚಾರ್ಜ್ ಚೀಟಿಯಿಂದ. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆಮೇಲೆ ಎಲ್ಲರೂ ಸೇರಿ ನನ್ನನ್ನು ಕಾಪಾಡತೊಡಗಿದರು. ಪಕ್ಕದ ಮನೆಯ ಬಾಣಂತಿ ನನ್ನನ್ನು ಕಂಡರೆ ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ಓಡುತ್ತಿದ್ದಳು. ನಾನು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಕೆಲಸದವಳು. ಶಿಶುವಿಹಾರದ ಫ್ರಾಕುಗಳಿಗೆ ಬಟ್ಟೆ ಕತ್ತರಿಸುವುದು ಒಂಬತ್ತು ವರ್ಷಗಳಿಂದ ನನ್ನ ಮೇಜಿನ ಕೆಲಸ. ಎರಡು ತಿಂಗಳ ಮೇಲೆ ಹೋದರೆ ನನ್ನ ಮೇಜಿನ ಮೇಲೆ ಕಾವಲುಗಾರರ ಅಂಗಿಯ ದಪ್ಪ ಬಟ್ಟೆ ಬಿದ್ದಿತ್ತು. ಮೇಲ್ವಿಚಾರಕಿಯನ್ನು ಕೇಳಿದರೆ, “ನಿನ್ನ ಒಳ್ಳೇದಕ್ಕೇ ಕಣಮ್ಮ,” ಅಂದು ಬೆನ್ನು ತಟ್ಟಿದಳು. ಅವತ್ತು ಕತ್ತರಿ ಕೆಳಗಿಟ್ಟು ಅರ್ಧ ದಿನಕ್ಕೇ ಹೊರಟುಬಿಟ್ಟೆ. ದುಃಖಕ್ಕಲ್ಲ. ಸಿಟ್ಟಿಗೆ. ಹೊತ್ತವಳು ನಾನು, ಹೊಟ್ಟೆ ಕೊಯ್ಸಿಕೊಂಡವಳು ನಾನು, ಎದೆಹಾಲು ಬತ್ತಲೆಂದು ಬಟ್ಟೆ ಬಿಗಿದುಕೊಂಡು ಹಲ್ಲು ಕಚ್ಚಿ ಮಲಗಿದವಳು ನಾನು. ನನ್ನ ಒಳ್ಳೆಯದು ಮಾತ್ರ ನನ್ನನ್ನು ಬಿಟ್ಟು ಊರಿಗೆಲ್ಲ ಗೊತ್ತು!

ಮನೆಗೆ ಹೋಗಿ ಚೀಲಕ್ಕೆ ನಾಲ್ಕು ಬಟ್ಟೆ ತುರುಕಿದೆ. “ದಬ್ಬಣನ ಹತ್ರ ಹೋಗ್ತೀನಿ,” ಅಂದೆ. ನನ್ನ ಗಂಡ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಆಪರೇಟರು. ಪಾಳಿ ಮುಗಿಸಿ ಬಂದು ಊಟಕ್ಕೆ ಕೂತಿದ್ದವರು, “ಎಷ್ಟು ದಿನ?” ಅಂತ ಮಾತ್ರ ಕೇಳಿದರು.

“ಗೊತ್ತಿಲ್ಲ,” ಅಂದೆ.

ಮರುದಿನ ಬೆಳಗಿನ ರೈಲಿನಲ್ಲಿ ಎದುರಿಗೆ ಕೂತಿದ್ದ ಹೆಂಗಸು ಎರಡು ನಿಲ್ದಾಣ ದಾಟುವುದರೊಳಗೆ ತನ್ನ ಮನೆಯ ಚರಿತ್ರೆಯೆಲ್ಲ ಹೇಳಿ ಮುಗಿಸಿ, “ನಿಂಗೆಷ್ಟು ಮಕ್ಕಳಮ್ಮ?” ಎಂದು ಕೇಳಿದಳು.

“ಒಬ್ಬಳು,” ಅಂದೆ. ಹಾಗೆ ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಎದೆಯೊಳಗೆ ಏನೋ ಸಡಿಲವಾದಂತಾಯಿತು. “ತೀರ್ಕೊಂಡ್ಳು.”

“ಅಯ್ಯೋ ಶಿವನೇ!” ಆಕೆ ನನ್ನ ಕೈ ಹಿಡಿದಳು. ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು. “ಎಷ್ಟು ವಯಸ್ಸು?”

“ಎಂಟು ತಿಂಗಳು ತುಂಬಿತ್ತು. ಹೊಟ್ಟೆಯಲ್ಲೇ ಹೋದ್ಳು.”

ಆಕೆ ಕೈ ಬಿಟ್ಟಳು. “ಓ, ಹಾಗಾ! ನಾನು ಮಗು ಅಂದ್ಕೊಂಡೆ,” ಎಂದು ಕಣ್ಣೊರೆಸಿಕೊಂಡು, ದಂಡವಾಗಿ ಹೋದ ಕಣ್ಣೀರನ್ನು ಲೆಕ್ಕ ಹಾಕುವವಳಂತೆ ಕಿಟಕಿಯ ಆಚೆ ನೋಡಿದಳು.

ನನ್ನ ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಿ ಬೋಗಿಯ ಬಾಗಿಲ ಬಳಿ ನಿಂತೆ. ದಬ್ಬಣನ ಊರು ಬರುವವರೆಗೆ ಮೂರು ತಾಸು, ಇನ್ನೂ ಎಳೆಯುವ ಹೊಲಿಗೆಯ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ನಿಂತೇ ಪ್ರಯಾಣ ಮಾಡಿದೆ.

ದಬ್ಬಣ ಅಂದರೆ ನನ್ನ ಗೆಳತಿ. ಹೊಲಿಗೆ ತರಬೇತಿ ಶಾಲೆಯ ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿದ್ದೆವು. ಉದ್ದಕ್ಕೆ, ಸಣ್ಣಕ್ಕೆ, ಚುಚ್ಚುವ ನಾಲಿಗೆಯವಳಾದ್ದರಿಂದ ಅವಳು ದಬ್ಬಣ. ಗುಂಡಗೆ, ಕುಳ್ಳಗೆ ಇದ್ದ ನಾನು ಗುಂಡಿ. ಅವಳಿಗೆ ಒಂದು ಗೆರೆ ನೆಟ್ಟಗೆ ಹೊಲಿಯಲು ಬರುತ್ತಿರಲಿಲ್ಲ. ಆದರೆ ಕೆಟ್ಟ ಮೆಶಿನ್ ಎದುರಿಗಿಟ್ಟರೆ ಕಣ್ಣುಮುಚ್ಚಿ ಬಿಚ್ಚಿ ಜೋಡಿಸುತ್ತಿದ್ದಳು. ಕೊನೆಗೆ ಅದನ್ನೇ ಕಸುಬು ಮಾಡಿಕೊಂಡಳು. ಮದುವೆ ಮಾಡಿಕೊಳ್ಳಲಿಲ್ಲ. ಕೆಳಗೆ ಹೊಲಿಗೆ ಮೆಶಿನ್ ರಿಪೇರಿ ಅಂಗಡಿ, ಮೇಲೆ ಒಂದು ಕೋಣೆ, ಒಂದು ಅಡುಗೆಮನೆ.

ನಾನು ಹೋದಾಗ ಅವಳು ಒಂದು ಹಳೆಯ ಮೆಶಿನ್ನನ್ನು ಮಗುಚಿ ಹಾಕಿ ಅದರ ಹೊಟ್ಟೆಗೆ ಎಣ್ಣೆ ಬಿಡುತ್ತಿದ್ದಳು. ಹೆಣ್ಣು ಕೂಸು ಹೋಯಿತೆಂದು ಹಿಂದಿನ ರಾತ್ರಿಯೇ ಫೋನಿನಲ್ಲಿ ಹೇಳಿದ್ದೆ. ನನ್ನನ್ನು ನೋಡಿ ಅಳಲಿಲ್ಲ, ಅಪ್ಪಿಕೊಳ್ಳಲಿಲ್ಲ. ಕೈಯೆಲ್ಲ ಮಸಿ. ಮೊಣಕೈಯಿಂದ ಸ್ಟೂಲು ನನ್ನತ್ತ ತಳ್ಳಿ, “ಕೂತ್ಕೊಳೆ ಗುಂಡಿ,” ಅಂದಳು. ನೀರು ಕುಡಿದೆ. ಆಮೇಲೆ ಕೇಳಿದಳು:

“ಯಾರ ಹಾಗಿದ್ಳೇ?”

ಎರಡು ತಿಂಗಳಲ್ಲಿ ಒಬ್ಬರೂ ಕೇಳಿರದ ಪ್ರಶ್ನೆ.

“ಗೊತ್ತಿಲ್ಲ. ನಂಗೆ ತೋರಿಸ್ಲಿಲ್ಲ.”

ಎಣ್ಣೆಯ ಡಬ್ಬಿ ಹಿಡಿದಿದ್ದ ಅವಳ ಕೈ ಹಾಗೇ ನಿಂತಿತು. “ತೋರಿಸ್ಲಿಲ್ಲ ಅಂದ್ರೆ? ಯಾರು ತೋರಿಸ್ಲಿಲ್ಲ?”

“ಯಾರೂ. ನಾನು ಏಳೋ ಮುಂಚೆ ತಗೊಂಡು ಹೋಗ್ಬಿಟ್ರು.”

“ನಿನ್ನ ಕೇಳ್ದೆ?”

“ನನ್ನ ಕೇಳ್ದೆ.”

ಅವಳು ಡಬ್ಬಿ ಕುಕ್ಕಿದ ರಭಸಕ್ಕೆ ಎಣ್ಣೆ ಮೇಜಿನ ತುಂಬ ಚೆಲ್ಲಿತು. “ಥೂ ಇವರ!” ಅಂದಳು. “ಒಂದು ಕೆಟ್ಟ ಮೆಶಿನ್ ಬಿಸಾಡೋಕೂ ನಾನು ಅದರ ಯಜಮಾನನ್ನ ಎರಡು ಸಲ ಕೇಳ್ತೀನಿ!”

ಆಗ ನಾನು ಅತ್ತೆ. ಸ್ಟೂಲಿನ ಮೇಲೆ ಕೂತು, ಬಾಗಿಲು ತೆರೆದಿದ್ದ ಅಂಗಡಿಯಲ್ಲಿ, ಬೀದಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದಂತೆ ಗೋಳೋ ಎಂದು ಅತ್ತೆ. ಸಮಾಧಾನ ಮಾಡಿದವರ ಮುಂದೆ ಬಾರದ ಅಳು, ಬೈದವಳ ಮುಂದೆ ಬಂತು. ಬಾಬಿನ್ ಕೇಸ್ ಕೊಳ್ಳಲು ಬಂದವನೊಬ್ಬ ಹೊಸ್ತಿಲಲ್ಲಿ ತಬ್ಬಿಬ್ಬಾಗಿ ನಿಂತ. “ನಾಳೆ ಬನ್ನಿ, ಇವತ್ತು ಅಂಗಡಿ ಅಳ್ತಾ ಇದೆ,” ಎಂದು ಅವನನ್ನು ಸಾಗಹಾಕಿದಳು. ಅಳುವಿನ ಮಧ್ಯೆಯೇ ನನಗೆ ನಗು ಬಂತು.

ಅವಳು ಕೇಳಿದ್ದಕ್ಕೆ ಮಗುವನ್ನು ಏನೆಂದು ಕರೆಯುತ್ತಿದ್ದೆ ಎಂದು ಹೇಳಿದೆ. ಎರಡನೆಯ ತಿಂಗಳಲ್ಲಿ ಡಾಕ್ಟರು ಕಡಲೆಕಾಳಿನಷ್ಟಿದೆ ಎಂದಿದ್ದರು. ಅಂದಿನಿಂದ ಕಡ್ಲೆ. ದಬ್ಬಣ ಅದನ್ನು ಎರಡು ಸಲ ಬಾಯಲ್ಲಿ ಹೇಳಿ ನೋಡಿದಳು. ಆಮೇಲೆ ಮಾತಿನಲ್ಲಿ ಸಹಜವಾಗಿ “ಕಡ್ಲೆ ಇದ್ದಾಗ”, “ಕಡ್ಲೆ ಹೋದ್ಮೇಲೆ” ಅನ್ನತೊಡಗಿದಳು. ಹಗಲು ನಾನು ಅವಳು ಸರಿಮಾಡಿದ ಮೆಶಿನ್‌ಗಳ ಮೇಲೆ ಚಿಂದಿ ಬಟ್ಟೆ ಹೊಲಿದು ಹದ ನೋಡುತ್ತಿದ್ದೆ. ಸಾಕೆನಿಸಿದಾಗ ಮೇಲೆ ಹೋಗಿ ಮಲಗುತ್ತಿದ್ದೆ. ಯಾರೂ ಏಳು ಅನ್ನುತ್ತಿರಲಿಲ್ಲ.

ನಾಲ್ಕನೆಯ ದಿನ ಅಂಗಡಿಗೆ ಅತ್ತೆಯ ಫೋನ್ ಬಂತು. ನನ್ನೊಡನೆ ಮಾತಾಡಲಿಕ್ಕಲ್ಲ, ದಬ್ಬಣನೊಡನೆ. ಅವರ ದನಿ ಮೆಟ್ಟಿಲ ಮೇಲಿದ್ದ ನನಗೂ ಕೇಳುತ್ತಿತ್ತು. “ನೀನಾದ್ರೂ ಬುದ್ಧಿ ಹೇಳಮ್ಮ. ಇನ್ನೂ ವಯಸ್ಸಿದೆ. ವರ್ಷದೊಳಗೆ ಇನ್ನೊಂದಾದ್ರೆ ಇದೆಲ್ಲ ಮರೆತೇ ಹೋಗುತ್ತೆ.”

“ಅಮ್ಮಾ, ನಿಮಗೆಷ್ಟು ಮಕ್ಕಳು?” ಎಂದಳು ದಬ್ಬಣ.

“ಮೂರು.”

“ಒಂದನ್ನ ನಿಮ್ಮನ್ನ ಕೇಳ್ದೆ ತಗೊಂಡು ಹೋದ್ರೆ, ಇನ್ನೆರಡು ಇದೆಯಲ್ಲ ಅಂತ ಬಿಡ್ತೀರಾ?”

ಫೋನ್ ಕಟ್ಟಾಯಿತು. ಅದೇ ಬಿಸಿಯಲ್ಲಿ ಅವಳು ನನ್ನ ಗಂಡನ ನಂಬರಿಗೆ ಹಚ್ಚಿದಳು. “ಭಾವ, ನೀವು ಮನುಷ್ಯರೇನ್ರೀ? ಭಾನುವಾರ ಇಲ್ಲಿಗೆ ಬಂದು ಇವಳ ಮುಖ ನೋಡಿ ಮಾತಾಡಿ!” ಎಂದು ಕಿರುಚಿ, ಗೆದ್ದವಳಂತೆ ನನ್ನತ್ತ ತಿರುಗಿದಳು.

ನಾನು ಮೆಟ್ಟಿಲಿಳಿದು ಬಂದೆ. “ನಾನು ಹೇಳಿದ್ನಾ ಅವರನ್ನ ಕರೆಸು ಅಂತ?”

“ಅಲ್ವೇ, ನಿನ್ನ ಒಳ್ಳೇ…”

“ಆ ಮಾತು ಆಡ್ಬೇಡ!” ನನ್ನ ಗಂಟಲಿನಿಂದ ಅಂಥ ದನಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. “ಅವರೂ ಅದನ್ನೇ ಹೇಳಿದ್ದು. ಅತ್ತೇನೂ ಅದನ್ನೇ. ಕಾರ್ಖಾನೆಯಲ್ಲೂ ಅದೇ. ಈಗ ನೀನು! ನನ್ನ ಬಾಯಿ ಏನು ಹೊಲಿದು ಹಾಕಿದೆಯಾ? ನನ್ನ ಕೇಳೋಕೆ ನಿಮಗೆಲ್ಲ ಏನು ದೊಡ್ಡ ರೋಗ?”

ಚುಚ್ಚುವ ನಾಲಿಗೆಯ ದಬ್ಬಣ ತಲೆ ತಗ್ಗಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. “ತಪ್ಪಾಯ್ತು ಕಣೆ,” ಅಂದಳು. “ಬರಬೇಡಿ ಅಂತ ಈಗ್ಲೇ ಹೇಳ್ತೀನಿ.”

ಅಷ್ಟೇ. ತಪ್ಪಾಯ್ತು. ಎರಡು ತಿಂಗಳಲ್ಲಿ ಈ ಒಂದು ಮಾತನ್ನು ಬೇರೆ ಯಾರೂ ಆಡಿರಲಿಲ್ಲ. ನಾನು ಅವಳ ಕೈಯಿಂದ ಫೋನ್ ತೆಗೆದುಕೊಂಡು ನಾನೇ ಹಚ್ಚಿದೆ. “ಭಾನುವಾರ ಬನ್ನಿ,” ಅಂದೆ ಗಂಡನಿಗೆ. “ಅವಳು ಕರೆದ್ಳು ಅಂತಲ್ಲ, ನಾನು ಕರೀತಿದ್ದೀನಿ ಅಂತ. ಬಟ್ಟೆ ತಗೊಂಡು ಬನ್ನಿ.”

“ಯಾವ ಬಟ್ಟೆ?”

“ನಿಮಗೆ ಗೊತ್ತು.”

ಅವರು ಬಂದರು. ಬರಿಗೈಯಲ್ಲಿ. ಮೇಲಿನ ಕೋಣೆಯಲ್ಲಿ ಒಂದೇ ಕುರ್ಚಿ. ಅದರಲ್ಲಿ ನಾನು ಕೂತೆ. ಅವರು ನಿಂತೇ ಇದ್ದರು. ಬಟ್ಟೆಗಳನ್ನು ಆಸ್ಪತ್ರೆಯ ಆಯಾಗೆ ಕೊಟ್ಟುಬಿಟ್ಟರಂತೆ ಅತ್ತೆ.

“ಎಲ್ಲಾನೂ?”

ಅವರು ನೆಲ ನೋಡಿದರು. “ಒಂದು ಬಿಟ್ಟು. ಹಳದಿ ಅಂಗಿ. ಅವತ್ತು… ಅವತ್ತು ನಾನೇ ಮನೆಗೆ ಹೋಗಿ ತಂದು ಹಾಕಿದ್ದೆ. ಬರೀ ಆಸ್ಪತ್ರೆ ಬಟ್ಟೇಲಿ ಸುತ್ತಿ ಕಳ್ಸೋಕೆ ಮನಸ್ಸಾಗ್ಲಿಲ್ಲ.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. “ನೀವು ಹಾಕಿದ್ರಿ. ಅಂದ್ರೆ ನೀವು ನೋಡಿದ್ರಿ.”

“ಹೂಂ.”

“ಎತ್ಕೊಂಡಿದ್ರಿ.”

“ಹೂಂ.”

ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು. “ಎರಡು ತಿಂಗಳಿಂದ ಪಕ್ಕದಲ್ಲಿ ಮಲಗ್ತಿದ್ದೀರಿ. ನಾನು ಗೋಡೆ ನೋಡ್ಕೊಂಡು, ಕಣ್ಣು ಹೇಗಿತ್ತೋ ಮೂಗು ಹೇಗಿತ್ತೋ ಅಂತ ಸಾಯ್ತಿದ್ದೆ. ನೀವು ಎಲ್ಲಾನೂ ಗಂಟು ಕಟ್ಟಿ ಇಟ್ಕೊಂಡು ಸುಮ್ನಿದ್ರಲ್ಲ!”

“ನಿಂಗೆ ಇನ್ನೂ ನೋವಾಗುತ್ತೆ ಅಂತ…”

“ಆಗ್ಲಿ! ಅದು ನನ್ನ ನೋವು ಕಣ್ರೀ. ಅದನ್ನ ನನ್ನಿಂದ ಕಿತ್ಕೊಳ್ಳೋಕೆ ನೀವ್ಯಾರು?”

ಅವರು ಗೋಡೆಗೆ ಒರಗಿ ಹಾಗೇ ಕುಸಿದು ಕೂತರು. ಅತ್ತರು. ಬೇರೆ ದಿನವಾಗಿದ್ದರೆ ಹೋಗಿ ತಲೆ ನೇವರಿಸುತ್ತಿದ್ದೆನೇನೋ. ಅವತ್ತು ಹೋಗಲಿಲ್ಲ. ಇಬ್ಬರ ಪಾಲಿನ ಅಳುವನ್ನೂ ನಾನೇ ಯಾಕೆ ಒರೆಸಬೇಕು? ಕುರ್ಚಿ ಎತ್ತಿಟ್ಟು ಕೂತು, “ಹೇಳಿ,” ಅಂದೆ. “ಮೊದಲಿಂದ.”

ಅವರು ಹೇಳಿದರು. ತಲೆ ತುಂಬ ಕೂದಲು, ಒದ್ದೆಯಾಗಿ ಹಣೆಗೆ ಅಂಟಿತ್ತಂತೆ. ಬೆರಳು ಉದ್ದವಂತೆ, ನನ್ನ ಹಾಗಲ್ಲ, ಅವರ ಹಾಗೆ. ಗಲ್ಲದಲ್ಲಿ ಸಣ್ಣ ಕುಳಿ. ಹುಬ್ಬು ಗಂಟಿಕ್ಕಿಕೊಂಡಿತ್ತಂತೆ, ನಿದ್ದೆಯಲ್ಲಿ ಯಾರೋ ಎಬ್ಬಿಸಿದರೆ ಸಿಡುಕುವ ಹಾಗೆ. ಅಂಗಿ ದೊಡ್ಡದಾಗಿತ್ತಂತೆ, ತೋಳನ್ನು ಎರಡು ಮಡಿಕೆ ಮಡಿಸಿದರಂತೆ. ಮುಗಿದ ಮೇಲೆ ಇನ್ನೊಮ್ಮೆ ಹೇಳಿಸಿದೆ. ಮತ್ತೊಮ್ಮೆ ಹೇಳಿಸಿದೆ. ಪ್ರತಿ ಸಲವೂ ಅವರಿಗೆ ಒಂದು ಹೊಸ ವಿವರ ನೆನಪಾಗುತ್ತಿತ್ತು. ಮಧ್ಯಾಹ್ನ ಕಳೆದು ಸಂಜೆಯಾಗುವವರೆಗೆ ನಾನು ಬಿಡಲಿಲ್ಲ. ದಬ್ಬಣ ಕೆಳಗೆ ಅಂಗಡಿಯಲ್ಲೇ ಇದ್ದಳು, ಮೇಲೆ ಹತ್ತಲಿಲ್ಲ.

“ಹೋಗೋಣ್ವಾ?” ಎಂದರು ಕೊನೆಗೆ.

“ನೀವು ಹೋಗಿ. ನಾನು ಬರ್ಬೇಕು ಅನ್ಸಿದಾಗ ಬರ್ತೀನಿ.”

ಒಬ್ಬರೇ ರೈಲು ಹತ್ತಿದರು. ನಾನು ಇನ್ನೂ ಹನ್ನೊಂದು ದಿನ ಇದ್ದೆ. ಹನ್ನೆರಡನೆಯ ದಿನ ಬೆಳಗ್ಗೆ ಎದ್ದಾಗ ಹೋಗಬೇಕು ಅನ್ನಿಸಿತು. ದಬ್ಬಣ ನಿಲ್ದಾಣಕ್ಕೆ ಬಂದು, ಹೊರಡುವ ಮುಂಚೆ ಕೇಳಿದಳು: “ವಾರಕ್ಕೊಂದ್ಸಲ ಫೋನ್ ಮಾಡ್ಲಾ? ಬೇಡ್ವಾ?” ನಾನು ನಕ್ಕು, “ಮಾಡು,” ಅಂದೆ.

ಗಂಡ ನಿಲ್ದಾಣದಲ್ಲಿ ಕಾಯುತ್ತಿದ್ದರು. ಮನೆಗೆ ಹೋಗಲಿಲ್ಲ, ನೇರವಾಗಿ ಊರಾಚೆಯ ಆ ಜಾಗಕ್ಕೆ ಕರೆದುಕೊಂಡು ಹೋದರು. ಕಾಂಪೌಂಡಿನ ಮೂಲೆಯಲ್ಲಿ, ಒಂದು ಮರದ ಬುಡದಿಂದ ನಾಲ್ಕು ಹೆಜ್ಜೆ. ಗುರುತಿಗೆಂದು ಒಂದು ಚಪ್ಪಟೆ ಕಲ್ಲು ಇಟ್ಟಿದ್ದರು. ಅದನ್ನೂ ನನಗೆ ಹೇಳಿರಲಿಲ್ಲ. ಮತ್ತೆ ಸಿಟ್ಟು ಬಂತು. ಬೈದೆ, ಅಲ್ಲೇ, ಅವಳ ಎದುರಿಗೇ. ನಾನು ನೆಲದ ಮೇಲೆ ಕೂತು ಕಲ್ಲಿನ ಮೇಲೆ ಕೈಯಿಟ್ಟೆ. ಬಿಸಿಲಿಗೆ ಕಾದಿತ್ತು.

ಮನೆಯಲ್ಲಿ ಅತ್ತೆ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾನೂ ಆಡಿಸಲಿಲ್ಲ. ನಾಲ್ಕನೆಯ ದಿನ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ತರಕಾರಿ ಹೆಚ್ಚುತ್ತಿದ್ದವರು, ಈಳಿಗೆಯ ಮೇಲಿನ ಕೈ ನಿಲ್ಲಿಸದೆ, ತಮಗೆ ತಾವೇ ಹೇಳಿಕೊಂಡ ಹಾಗೆ ಕೇಳಿದರು:

“ಕೂದಲು ಇತ್ತಂತಾ?”

ಆಗ ತಿಳಿಯಿತು, ಅವರೂ ನೋಡಿರಲಿಲ್ಲ. ಹೇಳಬಾರದು ಅನ್ನಿಸಿತು. ನನ್ನ ಹನ್ನೆರಡು ಅಂಗಿಗಳನ್ನು ಯಾರಿಗೋ ಕೊಟ್ಟವರು. ಇದನ್ನೂ ಯಾಕೆ ಕೊಡಬೇಕು? ಒಲೆಯ ಮೇಲಿನ ಹಾಲು ಉಕ್ಕುವ ತನಕ ಸುಮ್ಮನೆ ನಿಂತಿದ್ದೆ. ಅದನ್ನು ಇಳಿಸಿಟ್ಟು, ಹೇಳಿದೆ. ಕೂದಲು, ಬೆರಳು, ಗಲ್ಲದ ಕುಳಿ, ಗಂಟಿಕ್ಕಿದ ಹುಬ್ಬು, ಎಲ್ಲ. ಅವರ ಬೆನ್ನು ಅಲುಗುತ್ತಿತ್ತು.

“ನನ್ನ ಕೇಳಿ ಮಾಡ್ಬೇಕಿತ್ತು ಅತ್ತೆ,” ಅಂದೆ.

ಅವರು ಹೆಚ್ಚಿದ ತರಕಾರಿಯನ್ನೆಲ್ಲ ಪಾತ್ರೆಗೆ ತುಂಬಿದರು. ಆಮೇಲೆ, “ಹೂಂ,” ಅಂದರು.

ಆ ಒಂದು ಹೂಂ ನನಗೆ ಸಾಲದು. ಸಾಲದು ಎಂದು ಅವರಿಗೂ ಹೇಳಿ, ನನ್ನ ಕೋಣೆಗೆ ಹೋದೆ.