ಚಿಮ್ಮದ ನೀರು

ಗಾಜಿಗೆ ನೀರು ಚಿಮ್ಮಲೊಲ್ಲದು. ತಿಜಾನಿ ಸ್ಟೀರಿಂಗ್ ಪಕ್ಕದ ಲಿವರನ್ನು ಎಳೆದೇ ಎಳೆದ. ವೈಪರ್‌ಗಳು ಒಣಧೂಳನ್ನೇ ಅತ್ತಿಂದಿತ್ತ ಬಳಿದವು, ಅಷ್ಟೆ. ನಾಬುಲ್‌ನಲ್ಲಿ ಬೆಳಗಿನಿಂದ ತೆಂಕಣ ಬಿಸಿಗಾಳಿ. ಗಂಡಿನ ಮನೆಯಿರುವ ಕೈರುವಾನ್ ದಾರಿಯಲ್ಲಂತೂ ಧೂಳು ಕೇಳುವುದೇ ಬೇಡ.

"ಹಟ ಬಿಡಿ ತಿಜಾನಿ," ಎಂದರು ಗಂಡಿನ ಚಿಕ್ಕಪ್ಪ ಮೊಂಜಿ, ಹಿಂದೆ ನಿಲ್ಲಿಸಿದ್ದ ತಮ್ಮ ಹೊಸ ಕಾರಿಗೆ ಒರಗಿಕೊಂಡು. "ಕುರುಡು ಗಾಜಿನ ಕಾರಲ್ಲಿ ನಮ್ಮ ಸೊಸೇನ ಕೂರಿಸೋಕಾಗುತ್ತಾ? ಹುಡುಗಿ ನಮ್ಮ ಕಾರಲ್ಲಿ ಬರ್ಲಿ. ನೀವು ಹಿಂದೆ ಬನ್ನಿ."

ಹಿಂದೆ ಬರಬೇಕಂತೆ! ಮಗಳು ಒಲ್ಫಾಳನ್ನು ಹೆರಿಗೆ ಆಸ್ಪತ್ರೆಯಿಂದ ಮನೆಗೆ ತಂದದ್ದು ಇದೇ ಕಾರು. ಗಂಡನ ಮನೆಗೂ ಇದರಲ್ಲೇ ತಾನೇ ಬಿಟ್ಟುಬರಬೇಕೆಂದು ತಿಜಾನಿ ಈ ಡಕೋಟಾವನ್ನು ಇಷ್ಟು ವರ್ಷ ಮಾರದೆ ಉಳಿಸಿಕೊಂಡಿದ್ದ. ಅವನಿಗೆ ಮೈಯೆಲ್ಲ ಉರಿಯಿತು. "ಒಂದು ಕಾಫಿ ಕುಡೀರಿ, ಅಷ್ಟರಲ್ಲಿ ಸರಿಮಾಡ್ತೀನಿ," ಎಂದವನೇ ಬಾನೆಟ್ ಎತ್ತಿದ.

ನೀರಿನ ಡಬ್ಬಿ ತುಂಬಿಯೇ ಇತ್ತು. ಒಲ್ಫಾ ಮದರಂಗಿಯ ಕೈಗಳನ್ನು ಮೇಲೆತ್ತಿಕೊಂಡೇ ಬಂದು, ಮೊಣಕೈಯಿಂದ ಲಿವರ್ ಎಳೆದಳು.

"ಜುಂಯ್ ಅಂತಿದೆ ಬಾಬಾ! ಮೋಟರ್ ಸತ್ತಿಲ್ಲ."

"ಮತ್ತೆ ನೀರು ಎಲ್ಲಿ ಹಾಳಾಗಿ ಹೋಗ್ತಿದೆ?"

ಕೆಳಗೆ ಬಗ್ಗಿ ನೋಡಿದ. ಒಂದು ಹನಿಯೂ ಸೋರಿರಲಿಲ್ಲ. ಮಗಳ ಮುಸುಕಿನ ಪಿನ್ನು ತೆಗೆದುಕೊಂಡು ನೀರು ಚಿಮ್ಮುವ ತೂತನ್ನು ಕೆದಕಿದ. ಊಹೂಂ. ಕೊನೆಗೆ ಅಲ್ಲಿಗೆ ಬರುವ ಸಣ್ಣ ಪೈಪನ್ನೇ ಕಿತ್ತು, ಬಾಯಿಟ್ಟು ಹೀರಿದ. ನಾಲಿಗೆಗೊಂದು ಹನಿ ತಾಕಿತು. ಚಪ್ಪರಿಸಿ ಮತ್ತೊಮ್ಮೆ ಹೀರಿದ.

"ಥೂ, ಅದನ್ಯಾಕೆ ಕುಡೀತೀಯಾ ಬಾಬಾ?"

"ಕಿತ್ತಳೆ ಹೂವಿನ ನೀರು ಕಣೇ! ಕಾಫಿಗೆ ಹಾಕ್ತೀವಲ್ಲ, ಅದೇ!"

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಆಮೇಲೆ ಇಬ್ಬರ ಕಣ್ಣೂ ಹೊಸ್ತಿಲ ಮೇಲೆ ಕುಳಿತಿದ್ದ ತಿಜಾನಿಯ ತಾಯಿ ಶಾದ್ಲಿಯಾಳತ್ತ ಹೊರಳಿದವು.

"ನನ್ನನ್ಯಾಕೆ ಗುರಾಯಿಸ್ತೀರಾ?" ಎಂದಳು ಮುದುಕಿ. "ಮದುಮಗಳು ಹೊರಡುವಾಗ ಹೂನೀರು ಚಿಮುಕಿಸ್ಬೇಕೋ ಬೇಡ್ವೋ? ನನ್ನ ಕೈ ನಡುಗುತ್ತೆ. ನಮ್ಮ ಕಾರು ತಾನೇ ನೀರು ಚಿಮ್ಮುತ್ತೆ ಅಂತ ನೀನೇ ಹೇಳ್ತಿದ್ಯಲ್ಲೋ! ಅದಕ್ಕೇ ಆ ಡಬ್ಬಿಗೆ ಸುರಿದೆ. ಘಮ ಸಾಲದು ಅಂತ ಒಂದು ಹಿಡಿ ಒಣಹೂವೂ ಹಾಕ್ದೆ."

"ಅಯ್ಯೋ ಅಮ್ಮಾ!"

ಕೆಳಗೊಂದು ಬಕೆಟ್ ಇಟ್ಟು ಡಬ್ಬಿಯ ತಳದ ಮೋಟರ್ ಕಿತ್ತು ನೋಡಿದರೆ, ಅದರ ಬಾಯಿಯ ಜಾಲರಿಗೆ ನೆನೆದ ಎಸಳುಗಳು ಮೆತ್ತಿಕೊಂಡಿದ್ದವು. ಕೆರೆದು ತೆಗೆದು, ಮೋಟರನ್ನೂ ಪೈಪನ್ನೂ ಮತ್ತೆ ಸಿಕ್ಕಿಸಿದ. ನಲ್ಲಿ ನೀರು ತುಂಬಬಹುದಿತ್ತು. ಆದರೆ ಅಮ್ಮ ನೋಡುತ್ತಿದ್ದಳು. ಬಕೆಟ್ಟಿಗೆ ಇಳಿದಿದ್ದ ಹೂನೀರನ್ನೇ ಬಟ್ಟೆಯಲ್ಲಿ ಸೋಸಿ ಮತ್ತೆ ಸುರಿದು ಬಾನೆಟ್ ಮುಚ್ಚಿದ.

"ಎಳಿ, ಒಲ್ಫಾ!"

ಪಿನ್ನಿನ ಕೆದಕಾಟಕ್ಕೆ ತೂತು ಮೇಲ್ಮುಖವಾಗಿತ್ತು. ಹೂನೀರು ಗಾಜನ್ನೂ ಕಾರಿನ ತಲೆಯನ್ನೂ ದಾಟಿ, ಹಿಂದೆ ನಿಂತಿದ್ದ ಮೊಂಜಿಯವರ ಮೀಸೆಗೆ ಬಿತ್ತು. ತಿಜಾನಿ ಬಟ್ಟೆ ಹಿಡಿದು ಅವರತ್ತ ಓಡಿದ. ಮದುಮಗಳನ್ನು ಕಳಿಸಲು ಸೇರಿದ್ದ ಹೆಂಗಸರೋ, ನಾಲಿಗೆ ಹೊರಳಿಸಿ ಮಂಗಳದ ಕೂಗು ಹಾಕಿದರು.

ಮೊಂಜಿ ಮೀಸೆ ಒರೆಸಿಕೊಂಡು ಕೈ ಮೂಸಿದರು. ಮತ್ತೆ ಮೂಸಿದರು.

"ಯಾರು ಭಟ್ಟಿ ಇಳಿಸಿದ್ದು ಈ ಹೂನೀರು?"

"ನಾನು," ಎಂದಳು ಶಾದ್ಲಿಯಾ.

"ನಮ್ಮಮ್ಮನದೂ ಹೀಗೇ ಘಮ್ಮಂತಿತ್ತು." ಅವರು ತಿಜಾನಿಯತ್ತ ತಿರುಗಿದರು. "ಆ ತೂತು ತಗ್ಗಿಸ್ಕೊಂಡು ಹೊರಡಿ ತಿಜಾನಿ. ನಾನೇ ಹಿಂದೆ ಬರ್ತೀನಿ."

ಒಲ್ಫಾ ಹಿಂದಿನ ಸೀಟು ಬಿಟ್ಟು ಅಪ್ಪನ ಪಕ್ಕಕ್ಕೇ ಬಂದು ಕೂತಳು. ತೂತು ತಗ್ಗಿಸಿ ತೊಳೆದ ಗಾಜು ಫಳಫಳ ಎನ್ನುತ್ತಿತ್ತು. ಬೆಳಗಿನಿಂದ ಅವಸರಪಟ್ಟಿದ್ದ ತಿಜಾನಿ ಈಗ ಗೇರ್ ಹಾಕದೆ ಸುಮ್ಮನೆ ಕೂತಿದ್ದ.

"ನಿಧಾನಕ್ಕೆ ಹೋಗ್ಲೇನಮ್ಮಾ?"

"ಎಷ್ಟು ನಿಧಾನ ಆಗುತ್ತೋ ಅಷ್ಟು, ಬಾಬಾ."