ಇಪ್ಪತ್ತೆರಡು ಇಂಚು

"ಉಸಿರು ಬಿಡಿ," ಅಂದಳು ಹೆಂಡತಿ.

"ಬಿಟ್ಟಿದೀನಿ."

"ಇನ್ನೂ ಬಿಡಿ."

"ಇನ್ನೂ ಬಿಟ್ರೆ ಪ್ರಾಣ ಒಂದೇ ಬಾಕಿ."

ಹೊಲಿಗೆ ಯಂತ್ರದ ಪಕ್ಕ ಗೋಡೆಗೆ ಮುಖ ಮಾಡಿ ನಿಂತಿದ್ದ ಗಂಡನ ಬೆನ್ನ ಮೇಲೆ ಅವಳು ಟೇಪನ್ನು ಒಂದು ಭುಜದ ತುದಿಯಿಂದ ಇನ್ನೊಂದರ ತುದಿಗೆ ಎಳೆದು ಹಿಡಿದಳು. ಇಪ್ಪತ್ಮೂರೂವರೆ. ಎರಡು ತಿಂಗಳ ಹಿಂದೆಯೂ ಅಷ್ಟೇ ಇತ್ತು. ಈ ನಡುವೆ ಸೊಂಟ ನಾಲ್ಕು ಇಂಚು ಇಳಿದು, ಅವನ ಪ್ಯಾಂಟುಗಳನ್ನೆಲ್ಲ ಬಿಚ್ಚಿ ಅವಳೇ ಚಿಕ್ಕದು ಮಾಡಿದ್ದಳು. ಕೆನ್ನೆ ಒಳಗೆ ಹೋಗಿತ್ತು. ಭುಜ ಮಾತ್ರ ಯಾರ ಮಾತಿಗೂ ಜಗ್ಗದೆ ಕೂತಲ್ಲೇ ಕೂತಿತ್ತು. ಬೆಳಗಾದರೆ ಹೆಲಿಕಾಪ್ಟರು.

ಸಮುದ್ರದ ನಡುವೆ ಕಂಬಗಳ ಮೇಲೆ ನಿಂತು ಎಣ್ಣೆ ತೆಗೆಯುವ ರಿಗ್ಗಿನಲ್ಲಿ ಅವನು ಅಡುಗೆಯವನು. ಹದಿನಾಲ್ಕು ದಿನ ಅಲ್ಲಿ, ಹದಿನಾಲ್ಕು ದಿನ ಮನೆಯಲ್ಲಿ, ಹೀಗೆ ಹದಿನಾಲ್ಕು ವರ್ಷ. ಅಡುಗೆಮನೆಯ ಬಾಗಿಲಲ್ಲಿ ಅವನು ನಿಂತರೆ ಒಳಗಿನ ಒಲೆ ಕಾಣುತ್ತಿರಲಿಲ್ಲವಾದ್ದರಿಂದ ಅಲ್ಲಿಯವರು ಅವನಿಗೆ 'ಬೀರು' ಅಂತ ಹೆಸರಿಟ್ಟಿದ್ದರು. ಮರ್ಯಾದೆ ಸೇರಿ ಅದು ಬೀರಣ್ಣ ಆಯಿತು. ಹೊಸದಾಗಿ ಬಂದವರು ಅದೇ ಅವನ ನಿಜವಾದ ಹೆಸರೆಂದು ತಿಳಿದಿದ್ದರು, ಅವನೂ ತಿದ್ದಲು ಹೋಗಿರಲಿಲ್ಲ.

ಎರಡು ತಿಂಗಳ ಹಿಂದೆ ಎಲ್ಲರ ಫೋನಿಗೂ ಒಂದು ಸುತ್ತೋಲೆ ಬಂತು. ಇನ್ನೆರಡು ತಿಂಗಳ ನಂತರ ಪ್ರಯಾಣಿಕರ ತೂಕದ ಜೊತೆ ಭುಜದ ಅಗಲವನ್ನೂ ಅಳೆಯಲಾಗುವುದು, ಇಪ್ಪತ್ತೆರಡು ಇಂಚು ಮೀರಿದವರನ್ನು ಹೆಲಿಕಾಪ್ಟರಿನ ಸಾಮಾನ್ಯ ಆಸನಗಳಲ್ಲಿ ಕೂರಿಸತಕ್ಕದ್ದಲ್ಲ ಎಂದಿತ್ತು. 'ಕೂರಿಸತಕ್ಕದ್ದಲ್ಲ' ಎಂಬಲ್ಲಿಗೆ ಅವನ ಕಣ್ಣಿಗೆ ಕತ್ತಲೆ ಕವಿಯಿತು. ಕಾರಣ ಅವನಿಗೆ ಗೊತ್ತಿತ್ತು. ನಾಲ್ಕು ವರ್ಷಕ್ಕೊಮ್ಮೆ ತರಬೇತಿಯ ಕೊಳದಲ್ಲಿ ಅವರನ್ನೆಲ್ಲ ಒಂದು ಡಬ್ಬದಲ್ಲಿ ಕೂರಿಸಿ, ಬೆಲ್ಟು ಕಟ್ಟಿ, ನೀರಲ್ಲಿ ತಲೆಕೆಳಗು ಮಾಡುತ್ತಿದ್ದರು. ಕಿಟಕಿ ತಳ್ಳಿ ಹೊರಗೆ ಬರಬೇಕು. ಅಗಲದ ಮನುಷ್ಯ ಕಿಟಕಿಯಲ್ಲಿ ಸಿಕ್ಕಿಕೊಂಡರೆ ಅವನೊಬ್ಬನ ಕಥೆ ಮುಗಿಯುವುದಲ್ಲ, ಹಿಂದೆ ಕೂತವನಿಗೂ ದಾರಿಯಿಲ್ಲ. ನಿಯಮ ನ್ಯಾಯವಾಗಿಯೇ ಇದೆ ಅನ್ನಿಸಿದ್ದರಿಂದ ಅವನಿಗೆ ಇನ್ನಷ್ಟು ಸಂಕಟವಾಯಿತು. ಬೈಯಲಿಕ್ಕೂ ಯಾರೂ ಇರಲಿಲ್ಲ.

ಆಫೀಸಿಗೆ ಫೋನ್ ಮಾಡಿ ಕೇಳಿ ಅಂದಳು ಹೆಂಡತಿ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವುದು ಬೇಡ ಅಂದ ಅವನು. ದಪ್ಪ ಇದ್ದದ್ದರಿಂದ ತಾನೇ ಈ ಗ್ರಹಚಾರ, ಕರಗಿಸಿದರಾಯಿತು ಎಂದು ಇಬ್ಬರೂ ತೀರ್ಮಾನಿಸಿದರು. ಅವನು ತೊಂಬತ್ತು ಜನಕ್ಕೆ ಅಡುಗೆ ಮಾಡಿ ತಾನು ಸೌತೆಕಾಯಿ ತಿಂದ. ಇದನ್ನು ನೋಡಿದ ರಿಗ್ಗಿನವರಿಗೆ ಅನುಮಾನ ಬಂದು, ಒಂದು ವಾರ ಅವನ ಬ್ರೆಡ್ಡನ್ನು ಮೂಸಿ ಮೂಸಿ ತಿಂದರು. ಕ್ರೇನ್ ನಡೆಸುವ ಗೆಳೆಯನಂತೂ ಹಿಟ್ಟಿನಲ್ಲಿ ಏನು ಬಿದ್ದಿದೆ ಎಂದು ನೇರವಾಗಿಯೇ ಕೇಳಿದ. ಆ ಜನರ ಮೇಲೆ ಅವನಿಗೆ ಪ್ರೀತಿಯಿತ್ತು. ಸುತ್ತ ನೀರು, ಮೇಲೆ ಆಕಾಶ, ಹನ್ನೆರಡು ಗಂಟೆ ದುಡಿತ, ಅದರ ನಡುವೆ ಅವರು ಕಾಯುವುದು ಊಟದ ಗಂಟೆಯನ್ನೊಂದೇ. ಅದನ್ನು ಬಿಟ್ಟು ದಡದ ಮೇಲಿನ ಯಾವುದೋ ಕ್ಯಾಂಟೀನಿನಲ್ಲಿ ಚಹಾ ಕಾಸುವುದನ್ನು ನೆನೆದರೇ ಅವನು ಇನ್ನೊಂದು ಸೌತೆಕಾಯಿ ಕೈಗೆತ್ತಿಕೊಳ್ಳುತ್ತಿದ್ದ. ಹೆಂಡತಿಗೂ ಹೆದರಿಕೆಯಿತ್ತು. ಹದಿನಾಲ್ಕು ದಿನ ಇದ್ದು ಹದಿನಾಲ್ಕು ದಿನ ಇಲ್ಲದಿರುವುದೇ ತಮ್ಮ ದಾಂಪತ್ಯದ ಗುಟ್ಟು, ತಿಂಗಳು ಪೂರ್ತಿ ಮನೆಯಲ್ಲಿ ಕೂತರೆ ಹಾವು ಮುಂಗುಸಿ ಆಗಿಬಿಡುತ್ತೇವೆ ಎಂದು ಅವಳು ನಗುತ್ತಲೇ ಹೇಳುತ್ತಿದ್ದಳು. ಆದರೆ ಹೊರಡುವ ಬೆಳಿಗ್ಗೆ ನಗಲಿಲ್ಲ. ನಾನೂ ಬರ್ತೀನಿ ಎಂದು ಸ್ಕೂಟರಿನ ಕೀಲಿ ತೆಗೆದುಕೊಂಡಳು.

ಹೆಲಿಕಾಪ್ಟರ್ ನಿಲ್ದಾಣದ ಹಜಾರದಲ್ಲಿ ಸಾಲು ನಿಧಾನವಾಗಿ ಸರಿಯಿತು. ಗುರುತಿನ ಚೀಟಿ, ತರಬೇತಿಯ ಸರ್ಟಿಫಿಕೇಟು, ಚೀಲದ ತೂಕ, ಆಮೇಲೆ ಮನುಷ್ಯನ ತೂಕ. ಕೌಂಟರಿನ ಹುಡುಗಿ ತೂಕವನ್ನು ಎರಡು ಸಲ ನೋಡಿದಳು, ಅವನ ಮುಖವನ್ನೂ ನೋಡಿದಳು. ಮೇಜಿನ ಕೆಳಗಿನಿಂದ ಒಂದು ಅಳತೆಗೋಲು ತೆಗೆದಳು. ಚಪ್ಪಲಿ ಅಂಗಡಿಯಲ್ಲಿ ಪಾದ ಅಳೆಯುವಂಥದೇ, ಗಾತ್ರದಲ್ಲಿ ಮಾತ್ರ ದೊಡ್ಡದು. ಅದರ ಎರಡು ತೋಳುಗಳನ್ನು ಅವನ ಭುಜಗಳಿಗೆ ತಾಗಿಸಿ, ಇಪ್ಪತ್ತೆರಡೂ ಕಾಲು ಅಂದಳು.

ಜೊತೆಗೆ ಬಂದವರನ್ನು ತಡೆಯಲು ಕಟ್ಟಿದ್ದ ಹಗ್ಗ ದಾಟಿ ಹೆಂಡತಿ ಮುಂದೆ ಬಂದಳು. ಬೆನ್ನಿನ ಉಬ್ಬಿನ ಮೇಲೆ ಟೇಪು ಹಾಕಿ ತಾನು ಎರಡು ತಿಂಗಳು ಒಂದೂಕಾಲು ಇಂಚು ಹೆಚ್ಚೇ ಅಳೆದಿದ್ದೆ ಎಂಬುದು ಅವಳಿಗೆ ಆಗ ಹೊಳೆಯಿತು, ಧೈರ್ಯವೂ ಬಂತು. ಕೋಟು ಬಿಚ್ಚಿಸಿ ಅಳೆಯಬೇಕು, ತಾನು ಇಪ್ಪತ್ತು ವರ್ಷದಿಂದ ಟೈಲರು ಎಂದು ವಾದಿಸಿದಳು. ಹುಡುಗಿ ಬೇಸರಿಸದೆ ಕೋಟು ಬಿಚ್ಚಿಸಿ ಮತ್ತೆ ಅಳೆದಳು. ಈಗ ಇಪ್ಪತ್ತೆರಡರ ಮೇಲೆ ಒಂದೇ ಒಂದು ನೂಲು.

"ಒಂದು ನೂಲು ಹೊಲಿಗೆಯಲ್ಲೇ ಹೋಗುತ್ತಮ್ಮ," ಅಂದಳು ಹೆಂಡತಿ.

"ಇವರನ್ನ ಹೊಲಿಯೋಕಾಗಲ್ವಲ್ಲ ಆಂಟಿ," ಅಂದಳು ಹುಡುಗಿ, ಅವನ ತೋಳಿಗೆ ಒಂದು ಹಸಿರು ಪಟ್ಟಿ ಕಟ್ಟುತ್ತಾ.

ಅವನು ಪಟ್ಟಿಯನ್ನು ನೋಡಿದ. ಹದಿನಾಲ್ಕು ವರ್ಷ ಇಷ್ಟಕ್ಕೇ ಮುಗಿಯಿತು ಅನ್ನಿಸಿತು. ಕೋಟು ಹೆಗಲಿಗೆ ಹಾಕಿಕೊಂಡು, ತೂಕದ ಕಟ್ಟೆಯ ಮೇಲಿದ್ದ ಚೀಲ ಎತ್ತಿಕೊಂಡು, ಬಾಗಿಲ ಕಡೆ ತಿರುಗಿದ.

"ನಡಿ, ಮನೆಗೆ ಹೋಗೋಣ."

"ಎಲ್ಲಿಗ್ ಸಾರ್? ಚೀಲ ಇಲ್ಲಿಡಿ," ಅಂದಳು ಹುಡುಗಿ. "ಹಸಿರು ಪಟ್ಟಿಯವರಿಗೆ ದೊಡ್ಡ ಕಿಟಕಿ ಪಕ್ಕದ ಸೀಟು. ಚಿಕ್ಕ ಕಿಟಕಿ ಹತ್ತಿರ ಮಾತ್ರ ನಿಮ್ಮನ್ನ ಕೂರಿಸಲ್ಲ."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ತಾನು ದಪ್ಪ ಇದ್ದೇನಲ್ಲ, ಕಳಿಸುವುದಿಲ್ಲವಲ್ಲ ಎಂದು ತಡವರಿಸಿದ.

"ದಪ್ಪ ಅಂತ ಯಾರ್ ಹೇಳಿದ್ದು? ನೀವು ಅಗಲ. ದಪ್ಪ ಕರಗುತ್ತೆ ಸಾರ್, ಅಗಲ ಮೂಳೆ, ಅದು ಹಾಗೇ ಇರುತ್ತೆ." ಅವಳ ದನಿ ಮೆತ್ತಗಾಯಿತು. "ಪ್ರತಿ ಸಲ ಬಂದಾಗಲೂ ನಾಲ್ಕು ನಾಲ್ಕು ಕಿಲೋ ಕಮ್ಮಿ ಆಗ್ತಿದ್ರಿ. ಏನಾದ್ರೂ ಕಾಯಿಲೆನೋ ಏನೋ, ಕೇಳೋದು ಹೇಗೆ ಅಂತ ನಾನು ಸುಮ್ನಿದ್ದೆ."

ಹೆಂಡತಿ ಫೋನು ತೆಗೆದು ಸುತ್ತೋಲೆಯನ್ನು ಮತ್ತೊಮ್ಮೆ ಓದಿದಳು. ಸಾಮಾನ್ಯ ಆಸನಗಳಲ್ಲಿ.

"ಸಾಮಾನ್ಯ ಅಂತ ಬರ್ದಿದಾರಲ್ರೀ. ಓದೋಕ್ ಬರಲ್ವಾ ನಿಮಗೆ?"

"ನೀನೂ ಓದಿದ್ಯಲ್ಲ."

"ನಾನು ಟೇಪು ನೋಡ್ತಿದ್ದೆ."

ಮೊದಲು ನಕ್ಕಿದ್ದು ಯಾರೋ ಗೊತ್ತಾಗಲಿಲ್ಲ. ಅವನ ಭುಜಗಳು ಕುಣಿಯತೊಡಗಿದವು, ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು, ಸಾಲಿನಲ್ಲಿ ಹಿಂದಿದ್ದ ಕ್ರೇನಿನವನಿಗೆ ವಿಷಯ ತಿಳಿದು ಅವನು ಎಲ್ಲರಿಗೂ ಹಂಚಿದ. ಹೆಂಡತಿ ಹಜಾರದ ಮೂಲೆಯ ಅಂಗಡಿಯಿಂದ ಬೆಣ್ಣೆ ಹಚ್ಚಿದ ಬನ್ನುಗಳನ್ನು ತಂದು ಕೊಟ್ಟಳು. ಅವನು ನಿಂತಲ್ಲೇ ಮೂರು ತಿಂದ. ನಾಲ್ಕನೆಯದನ್ನು ಅವಳಿಗೆ ಅರ್ಧ ಕೊಟ್ಟ.

ಮುಂದಿನದೆಲ್ಲ ಪ್ರತಿ ಸಲದಂತೆ ನಡೆಯಿತು. ಸುರಕ್ಷತೆಯ ವಿಡಿಯೋ ಮುಗಿದ ಮೇಲೆ ಹುಡುಗಿ ಅವನೊಬ್ಬನನ್ನೇ ಕರೆದು, ಹೆಲಿಕಾಪ್ಟರು ನೀರಿಗೆ ಬಿದ್ದರೆ ಆ ಕಿಟಕಿ ತಳ್ಳಬೇಕಾದವನು ಅವನೇ, ಹಿಂದಿನವರು ಅವನ ದಾರಿಯಲ್ಲೇ ಬರುತ್ತಾರೆ ಎಂದು ಎರಡು ಸಲ ಹೇಳಿದಳು. ಎಲ್ಲರೂ ಉಂಡ ಮೇಲೆ ಉಣ್ಣುವ ಅಭ್ಯಾಸದ ಮನುಷ್ಯ ಅವನು, ಇಲ್ಲಿ ಮಾತ್ರ ಮೊದಲು ಹೊರಡಬೇಕು. ಗಂಭೀರವಾಗಿ ತಲೆಯಾಡಿಸಿದ. ಆಮೇಲೆ ಕಿತ್ತಳೆ ಬಣ್ಣದ ಜಲರಕ್ಷಕ ಉಡುಪಿನೊಳಗೆ ತೂರಿಕೊಂಡು, ಜಿಪ್ಪು ಗಲ್ಲದವರೆಗೆ ಎಳೆದು, ಸಾಲಿನ ಜೊತೆ ಹೊರಗೆ ನಡೆದ.

ಹೆಂಡತಿ ಸ್ಕೂಟರಿನ ಹತ್ತಿರ ಹೋದವಳು ಹೊರಡಲಿಲ್ಲ. ಬೇಲಿಗೆ ಬಂದು ನಿಂತಳು. ದೂರದಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳು ತಿರುಗತೊಡಗಿ, ಹುಲ್ಲು ಒಂದೇ ಕಡೆಗೆ ಮಲಗಿತು. ಹತ್ತಿದವರೆಲ್ಲ ಒಂದೇ ಬಣ್ಣದ ಉಡುಪಿನಲ್ಲಿದ್ದದ್ದರಿಂದ ತನ್ನವನು ಯಾರೆಂದು ಅವಳಿಗೆ ತಿಳಿಯಲಿಲ್ಲ. ಅವಳು ಕಿಟಕಿಗಳನ್ನು ಒಂದೊಂದಾಗಿ ನೋಡುತ್ತಾ ಬಂದಳು. ಎಲ್ಲದರಲ್ಲೂ ತಲೆಗಳ ಪಕ್ಕ ಆಚೆ ಬದಿಯ ಬೆಳಕು ಕಾಣುತ್ತಿತ್ತು. ನಡುವಿನ ದೊಡ್ಡದೊಂದರಲ್ಲಿ ಮಾತ್ರ ಎಳ್ಳಷ್ಟೂ ಬೆಳಕು ಇರಲಿಲ್ಲ. ಅವಳು ಅದರ ಕಡೆಗೆ ಕೈ ಬೀಸಿದಳು.